ಗಂಟು ಹೊತ್ತು ಬಂದ ಕನ್ನಡ ಕಾದಂಬರಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮನೆಗಳಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ. ಪತ್ತೇದಾರಿ, ದೆವ್ವ, ಪ್ರೇಮದ ಹೊಸ ಕಾದಂಬರಿಗಳನ್ನು ಈಗ ಫೋನಿನಲ್ಲೇ ಓದುತ್ತೇವೆ. ಈ ಓದಿನ ಹುಚ್ಚು ನಮ್ಮ ಕಡೆ ಹೇಗೆ ಬಂತು?

ನೂರು ವರ್ಷದ ಹಿಂದೆ ಮುಂಬೈ ಪ್ರಾಂತ್ಯದ ಕನ್ನಡ ಭಾಗದಲ್ಲಿ ಓದು ಬಲ್ಲವರ ಕೈಯಲ್ಲಿ ಮರಾಠಿ ಪುಸ್ತಕವೇ ಹೆಚ್ಚು. ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕಾದಂಬರಿಗಳೆಂದರೆ ಪ್ರಾಣ. ಹಾವೇರಿ ಕಡೆಯ ಶಿಕ್ಷಕ ವೆಂಕಟೇಶ ತಿರಕೋ ಕುಲಕರ್ಣಿ, ಅಂದರೆ ಗಳಗನಾಥರು (1869–1942), ಅಂಥ ಕತೆಗಳನ್ನು ಕನ್ನಡಕ್ಕೆ ತಂದರು. 1907ರಲ್ಲಿ ಅಗಡಿಯಿಂದ ಶುರುವಾದ ‘ಸದ್ಬೋಧ ಚಂದ್ರಿಕೆ’ಯಲ್ಲಿ ಬರೆದರು. ವಿಜಯನಗರದ ಕತೆಯ ‘ಮಾಧವ ಕರುಣಾವಿಲಾಸ’ವನ್ನೂ ಕೊಟ್ಟರು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ತಾವೇ ಮಾರಿದರು.

ಮುಂದೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಬಂದ. ಕಡಿಮೆ ಕಲಿತವರೂ ಅವನಿಗಾಗಿ ಪುಸ್ತಕ ಹಿಡಿದರು. ಜನ ಕನ್ನಡ ಓದಿದ್ದು ಭಾಷಣ ಕೇಳಿ ಅಲ್ಲ, ‘ಮುಂದೇನಾಯ್ತು’ ಎಂಬ ಆಸೆಗೆ.

ಹೊಸ ಕಾದಂಬರಿಯನ್ನೂ ನಾವು ಹಾಗೇ ತೂಗೋಣ. ಭಾಷೆ ನಮ್ಮದಾಗಿದೆಯಾ? ಪುಟ ತಿರುವಿಸುತ್ತದೆಯಾ? ಮರಾಠಿ ಶಾಲೆಯಲ್ಲಿ ಕಲಿತ ನೆರೆಮನೆಯ ಹುಡುಗಿ ಅದನ್ನು ಓದಲೆಂದೇ ಕನ್ನಡ ಅಕ್ಷರ ಕಲಿತರೆ, ಅದು ಗೆದ್ದ ಪುಸ್ತಕ.