ಹೃದ್ರೋಗಕ್ಕೆ ಸಂಯುಕ್ತ ಮಾತ್ರೆ – ಪಾಲಿಪಿಲ್: ಸಾರ್ವಜನಿಕರ ಮಾಹಿತಿಗಾಗಿ

ಹೃದಯಾಘಾತ ಹಾಗೂ ಪಾರ್ಶ್ವವಾಯುವನ್ನು ತಡೆಗಟ್ಟಲು ಬಿಡಿಬಿಡಿಯಾಗಿ ನೀಡಲಾಗುವ ಔಷಧಗಳನ್ನು ನಿಗದಿತ ಪ್ರಮಾಣದಲ್ಲಿ ಸೇರಿಸಿ ತಯಾರಿಸಿದ ಒಂದೇ ಮಾತ್ರೆಗೆ ಪಾಲಿಪಿಲ್ ಎಂದು ಹೆಸರು. ಸಾಮಾನ್ಯವಾಗಿ ಇದರಲ್ಲಿ ಕೊಲೆಸ್ಟರಾಲ್ ತಗ್ಗಿಸುವ ಸ್ಟಾಟಿನ್ ಮತ್ತು ರಕ್ತದೊತ್ತಡ ಇಳಿಸುವ ಒಂದು ಅಥವಾ ಹೆಚ್ಚು ಔಷಧಗಳಿರುತ್ತವೆ. ಕೆಲವು ಮಾತ್ರೆಗಳಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ಸಹ ಇರುತ್ತದೆ. ಇವೆಲ್ಲವೂ ಬಹುಕಾಲದಿಂದ ಬಳಕೆಯಲ್ಲಿರುವ ಔಷಧಗಳೇ. ದಿನಕ್ಕೆ ನಾಲ್ಕೈದು ಮಾತ್ರೆ ನುಂಗಬೇಕಾದವರು ಕೆಲವನ್ನು ಮರೆಯುವುದು ಅಥವಾ ಬಿಟ್ಟುಬಿಡುವುದು ಸಾಮಾನ್ಯವಾದುದರಿಂದ ಈ ಮಾತ್ರೆಯನ್ನು ರೂಪಿಸಲಾಯಿತು.

ಇದರ ಆರಂಭಿಕ ಅಧ್ಯಯನಗಳಲ್ಲಿ ಒಂದನ್ನು ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ಸಹಭಾಗಿತ್ವದಲ್ಲಿ ಭಾರತದ 50 ಕೇಂದ್ರಗಳಲ್ಲಿ ನಡೆಸಿ, 2009ರಲ್ಲಿ ಪ್ರಕಟಿಸಲಾಯಿತು. ಹೃದ್ರೋಗವಿಲ್ಲದ 2,053 ಜನರು ಇದರಲ್ಲಿ ಭಾಗವಹಿಸಿದ್ದರು. ರಕ್ತದೊತ್ತಡ ಹಾಗೂ ಕೊಲೆಸ್ಟರಾಲ್ ಇಳಿದುದು ಕಂಡುಬಂದಿತಾದರೂ, ಹೃದಯಾಘಾತ ಕಡಿಮೆಯಾಗುವುದೇ ಎಂಬುದು ಆ ಅಧ್ಯಯನದ ವ್ಯಾಪ್ತಿಯಲ್ಲಿರಲಿಲ್ಲ. 2022ರಲ್ಲಿ ಪ್ರಕಟವಾದ ಯುರೋಪಿನ ಅಧ್ಯಯನವು ಆಗಷ್ಟೇ ಹೃದಯಾಘಾತದಿಂದ ಚೇತರಿಸಿಕೊಂಡಿದ್ದ 2,499 ಹಿರಿಯ ರೋಗಿಗಳನ್ನು ಒಳಗೊಂಡಿತ್ತು. ಸುಮಾರು ಮೂರು ವರ್ಷಗಳಲ್ಲಿ ಹೃದಯ ಸಂಬಂಧಿ ಮರಣ, ಮರು ಹೃದಯಾಘಾತ ಮುಂತಾದವು ಸಾಮಾನ್ಯ ಚಿಕಿತ್ಸೆಯವರಲ್ಲಿ ಶೇ. 12.7 ಹಾಗೂ ಸಂಯುಕ್ತ ಮಾತ್ರೆ ಪಡೆದವರಲ್ಲಿ ಶೇ. 9.5ರಷ್ಟು ಇದ್ದವು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿದೆ.

ಆದಾಗ್ಯೂ, ವೈದ್ಯರ ಚೀಟಿಯಿಲ್ಲದೆ ಸದರಿ ಮಾತ್ರೆಯನ್ನು ಸೇವಿಸತಕ್ಕದ್ದಲ್ಲ. ಆಸ್ಪಿರಿನ್‌ನಿಂದ ಜಠರದಲ್ಲಿ ರಕ್ತಸ್ರಾವ ಹಾಗೂ ರಾಮಿಪ್ರಿಲ್‌ನಿಂದ ಒಣಕೆಮ್ಮು ಉಂಟಾಗಬಹುದು. ಗರ್ಭಿಣಿಯರಿಗೆ ರಾಮಿಪ್ರಿಲ್ ನಿಷಿದ್ಧ. ಒಂದು ಔಷಧವನ್ನು ಮಾತ್ರ ಹೆಚ್ಚಿಸಬೇಕಾದ ಅಥವಾ ನಿಲ್ಲಿಸಬೇಕಾದ ರೋಗಿಗೆ ಬಿಡಿ ಮಾತ್ರೆಗಳೇ ಅನುಕೂಲ.

ವಿಶೇಷವಾಗಿ ಗಮನಿಸಬೇಕಾದುದೇನೆಂದರೆ, ಪಾಲಿಪಿಲ್ ಆರಂಭಿಸಿದ ನಂತರ ಮನೆಯಲ್ಲಿ ಉಳಿದಿರುವ ಹಳೆಯ ಮಾತ್ರೆಗಳನ್ನೂ ಜೊತೆಗೆ ಮುಂದುವರಿಸಿದಲ್ಲಿ ಅದೇ ಔಷಧ ಎರಡು ಪಟ್ಟು ದೇಹಕ್ಕೆ ಸೇರುತ್ತದೆ. ಹಣ ಕೊಟ್ಟು ಖರೀದಿಸಿದ್ದನ್ನು ಬಿಸಾಡಲು ಯಾರಿಗೂ ಮನಸ್ಸಾಗದಿರುವುದು ಸಹಜ. ಆದರೆ ಇದರಿಂದ ರಕ್ತದೊತ್ತಡ ವಿಪರೀತ ಕುಸಿದು ತಲೆಸುತ್ತಿ ಬೀಳುವ ಸಂಭವವಿದೆ. ಆದ್ದರಿಂದ ವೈದ್ಯರ ಭೇಟಿಗೆ ಹೋಗುವಾಗ ಸಕ್ಕರೆ ಕಾಯಿಲೆಯವೂ ಸೇರಿದಂತೆ ಸೇವಿಸುತ್ತಿರುವ ಎಲ್ಲಾ ಮಾತ್ರೆಗಳ ಪಟ್ಟಿಗಳನ್ನು ತಪ್ಪದೆ ಕೊಂಡೊಯ್ಯುವುದು ಹಾಗೂ ಯಾವುದನ್ನು ನಿಲ್ಲಿಸಬೇಕೆಂಬುದನ್ನು ಚೀಟಿಯಲ್ಲಿ ಬರೆಯಿಸಿಕೊಳ್ಳುವುದು. ಡೆಂಗ್ಯೂ ಶಂಕೆಯ ಜ್ವರವಿದ್ದಲ್ಲಿ ಆಸ್ಪಿರಿನ್ ಸೇವಿಸುತ್ತಿರುವ ವಿಷಯವನ್ನು ಮೊದಲೇ ತಿಳಿಸತಕ್ಕದ್ದು.

ಪಾಲಿಪಿಲ್ ದೊರೆಯದಿದ್ದರೆ ಚಿಂತಿಸಬೇಕಾಗಿಲ್ಲ. ಅವೇ ಔಷಧಗಳನ್ನು ಬಿಡಿಯಾಗಿ, ಒಂದು ದಿನವೂ ತಪ್ಪಿಸದೆ ಸೇವಿಸಿದವರಿಗೂ ರಕ್ಷಣೆ ಇದ್ದೇ ಇದೆ. 30 ವರ್ಷ ಮೇಲ್ಪಟ್ಟವರು ಸರ್ಕಾರಿ ಆಸ್ಪತ್ರೆಗಳ ಅಸಾಂಕ್ರಾಮಿಕ ರೋಗಗಳ ಚಿಕಿತ್ಸಾಲಯದಲ್ಲಿ ರಕ್ತದೊತ್ತಡ ಹಾಗೂ ಸಕ್ಕರೆ ಅಂಶವನ್ನು ಪರೀಕ್ಷಿಸಿಕೊಳ್ಳಬಹುದಾಗಿದೆ.

ಎದೆನೋವು ಕಾಣಿಸಿಕೊಂಡಾಗ ಪಾಲಿಪಿಲ್ ನುಂಗಿ ಮನೆಯಲ್ಲಿ ಕಾಯುತ್ತಾ ಕೂರಬಾರದು. ಕೂಡಲೇ 108ಕ್ಕೆ ಕರೆ ಮಾಡತಕ್ಕದ್ದು.