ಕಡತದಿಂದ ಗಣಕಯಂತ್ರಕ್ಕೆ: ಭೂದಾಖಲೆಗಳ ರಕ್ಷಣೆಯ ವಿಚಾರ

ಸಾರ್ವಜನಿಕ ದಾಖಲೆಗಳನ್ನು ದೀರ್ಘಕಾಲ ಉಳಿಸುವ ಪ್ರಶ್ನೆ ಗಣಕಯಂತ್ರದೊಡನೆಯೇ ಹುಟ್ಟಿತೆಂದು ಭಾವಿಸುವುದು ಈಚೆಗೆ ರೂಢಿಯಾಗಿದೆ. ಕನ್ನಡನಾಡಿನ ಆಡಳಿತದ ಚರಿತ್ರೆಯನ್ನು ಬಲ್ಲವರಿಗೆ ಇದು ಅಷ್ಟೇನೂ ಹೊಸದಾಗಿ ತೋರಲಾರದು. ಅಳಿಸಿ ಮತ್ತೆ ಬರೆಯಬಹುದಾದ ವಸ್ತುವಿನ ಮೇಲೆ ಊರಿನ ಲೆಕ್ಕವನ್ನು ಬರೆದಿಟ್ಟು, ಅದನ್ನೇ ಪ್ರಮಾಣವೆಂದು ನಂಬಿ ನಡೆದ ನಾಡು ನಮ್ಮದು. ಆ ನಂಬಿಕೆ ಆಗ ಯಾವುದನ್ನು ಆಶ್ರಯಿಸಿತ್ತು, ಈಗ ಯಾವುದನ್ನು ಆಶ್ರಯಿಸಬೇಕು ಎಂಬುದನ್ನು ಭೂದಾಖಲೆಗಳ ನಿದರ್ಶನದಿಂದ ಇಲ್ಲಿ ಪರಿಶೀಲಿಸಲಾಗಿದೆ.

ಚಿರಸ್ಥಾಯಿಯಾದ ದಾಖಲೆ ಎಂದೊಡನೆ ನಮಗೆ ನೆನಪಾಗುವುದು ಶಿಲಾಶಾಸನ. ದತ್ತಿ ಆಚಂದ್ರಾರ್ಕವಾಗಿ ನಡೆಯಲೆಂದು ಕಲ್ಲಿನಲ್ಲಿ ಕೆತ್ತಿಸಿದವರ ಉದ್ದೇಶ ಬಹುಮಟ್ಟಿಗೆ ಸಫಲವಾಯಿತು. ಬಿ. ಎಲ್. ರೈಸರು ೧೮೮೬ರಿಂದ ಮೊದಲ್ಗೊಂಡು ‘ಎಪಿಗ್ರಾಫಿಯ ಕರ್ನಾಟಿಕ’ದ ಹನ್ನೆರಡು ಸಂಪುಟಗಳಲ್ಲಿ ಪ್ರಕಟಿಸಿದ ಸುಮಾರು ೯,೦೦೦ ಶಾಸನಗಳೇ ಇದಕ್ಕೆ ಸಾಕ್ಷಿ. ತಾಮ್ರಪಟಗಳ ಕಥೆ ಬೇರೆ. ಅವು ಉಳಿದವು, ಆದರೆ ಉಳಿದದ್ದೆಲ್ಲವೂ ನಿಜವಾಗಿರಲಿಲ್ಲ. ಪಶ್ಚಿಮ ಗಂಗರ ಹೆಸರಿನ ತಾಮ್ರಪಟಗಳಲ್ಲಿ ಹಲವನ್ನು ಜೆ. ಎಫ್. ಫ್ಲೀಟರು ಕೂಟಶಾಸನಗಳೆಂದು ತಳ್ಳಿಹಾಕಿದರು. ರೈಸರು ಅವುಗಳ ಪರವಾಗಿ ವಾದಿಸಿದರು. ಆ ವಾದದಲ್ಲಿ ಯಾರು ಗೆದ್ದರೆಂಬುದು ಪ್ರಕೃತಕ್ಕೆ ಬೇಕಾದದ್ದಲ್ಲ. ವಾದ ಸಾಧ್ಯವಾದದ್ದೇಕೆ ಎಂಬುದು ಮುಖ್ಯ. ತಗಡು ಕಣ್ಣೆದುರಿಗಿತ್ತು, ಅಕ್ಷರದ ಆಕಾರ, ತಿಥಿವಾರಗಳ ಹೊಂದಿಕೆ, ಉಂಗುರ, ಮುದ್ರೆ ಇವೆಲ್ಲ ಬರೆದವನ ಇಚ್ಛೆಗೆ ವಿರುದ್ಧವಾಗಿಯೂ ಸಾಕ್ಷ್ಯ ನುಡಿಯುತ್ತಿದ್ದವು. ಇದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಇದೇ ಮಾತು ಬರುತ್ತದೆ.

ಆದರೆ ನಿತ್ಯದ ಆಡಳಿತ ಕಲ್ಲಿನ ಮೇಲಾಗಲಿ ತಾಮ್ರದ ಮೇಲಾಗಲಿ ನಡೆಯುತ್ತಿರಲಿಲ್ಲ. ಅದು ನಡೆಯುತ್ತಿದ್ದದ್ದು ಓಲೆಯ ಮೇಲೆ ಮತ್ತು ಕಡತದ ಮೇಲೆ. ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ೧೮೧೦ರಲ್ಲಿ ಪ್ರಕಟವಾದ ತಮ್ಮ ಚರಿತ್ರೆಯಲ್ಲಿ ಕಡತವನ್ನು ವಿವರವಾಗಿ ವರ್ಣಿಸಿದ್ದಾರೆ. ಉದ್ದನೆಯ ಹತ್ತಿಬಟ್ಟೆಗೆ ಅಂಟನ್ನೂ ಇದ್ದಿಲಪುಡಿಯನ್ನೂ ಸೇರಿಸಿ ಎರಡು ಬದಿಗೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಕಪ್ಪು ಮೈಯ ಮೇಲೆ ಬಿಳಿಯ ಬಳಪದಿಂದ ಬರೆಯುತ್ತಿದ್ದರು. ಅಂಟು ಹುಣಿಸೆಬೀಜದ್ದು. ಕಡತ ಬಹುಕಾಲ ಬಾಳುತ್ತಿತ್ತು. ಆದರೆ ಬರೆದದ್ದನ್ನು ಒರಸಿ ಅದೇ ಜಾಗದಲ್ಲಿ ಬೇರೆ ಬರೆಯಬಹುದಾಗಿತ್ತು. ವಸ್ತು ಸ್ಥಿರ, ಬರಹ ಅಸ್ಥಿರ. ಹೀಗಿದ್ದೂ ಶಾನುಭೋಗನ ಕಡತಕ್ಕೆ ಬೆಲೆಯಿತ್ತು. ಲೆಕ್ಕ ಅವನೊಬ್ಬನ ಗುಟ್ಟಾಗಿರಲಿಲ್ಲ ಎಂಬುದೇ ಇದಕ್ಕೆ ಕಾರಣವೆಂದು ನಮ್ಮ ಅಭಿಪ್ರಾಯ. ಪಟೇಲನಿಗೆ ಅದು ಗೊತ್ತು, ಊರಿಗೆ ಗೊತ್ತು, ವರ್ಷಕ್ಕೊಮ್ಮೆ ಜಮಾಬಂದಿಯಲ್ಲಿ ಮೇಲಧಿಕಾರಿ ಅದನ್ನು ತಾಳೆ ನೋಡುತ್ತಿದ್ದ. ಶಾನುಭೋಗರು ಮಾಡಿದ ಮೋಸದ ಕಥೆಗಳಿಗೂ ನಮ್ಮಲ್ಲಿ ಕೊರತೆಯಿಲ್ಲ. ಆದರೆ ಮೋಸವನ್ನು ಮೋಸವೆಂದು ಹೇಳುವುದಕ್ಕೆ ಎರಡನೆಯ ಸಾಕ್ಷಿ ಎಲ್ಲಿಯೋ ಇರುತ್ತಿತ್ತು.

ಕಾಗದದ ಪಹಣಿಗೆ ಬಂದಾಗ ಈ ವ್ಯವಸ್ಥೆ ಶಾಸನಬದ್ಧವಾಯಿತು. ವಂಶಪಾರಂಪರ್ಯವಾಗಿ ಬಂದ ಶಾನುಭೋಗಿಕೆ ೧೯೬೧ರ ಕಾಯಿದೆಯ ಪ್ರಕಾರ ೧೯೬೩ರಲ್ಲಿ ರದ್ದಾಗಿ, ಲೆಕ್ಕ ಸರ್ಕಾರಿ ನೌಕರನಾದ ಗ್ರಾಮಲೆಕ್ಕಿಗನ ಕೈಗೆ ಹೋಯಿತು. ೧೯೬೪ರ ಭೂಕಂದಾಯ ಕಾಯಿದೆಯ ೧೩೩ನೆಯ ಕಲಮಿನ ಮೇರೆಗೆ, ಹಕ್ಕುದಾಖಲೆಯಲ್ಲಿರುವ ನಮೂದು ತಪ್ಪೆಂದು ಸಿದ್ಧವಾಗುವವರೆಗೆ ಸತ್ಯವೆಂದೇ ಭಾವಿಸತಕ್ಕದ್ದು. ಇದರ ತೂಕ ಎಷ್ಟೆಂಬುದು ೧೯೭೪ರ ಭೂಸುಧಾರಣೆಯ ಕಾಲದಲ್ಲಿ ತಿಳಿಯಿತು. ಆ ವರ್ಷದ ಮಾರ್ಚಿ ೧ರಿಂದ ಗೇಣಿ ಜಮೀನುಗಳು ಸರ್ಕಾರದಲ್ಲಿ ನಿಹಿತವಾದಾಗ, ತಾನು ಉಳುತ್ತಿದ್ದೆನೆಂದು ಹೇಳಿಕೊಂಡ ಒಕ್ಕಲಿಗೆ ಪಹಣಿಯ ಸಾಗುವಳಿದಾರನ ಕಾಲಮಿನಲ್ಲಿದ್ದ ಒಂದು ಹೆಸರೇ ಬಹುದೊಡ್ಡ ಆಧಾರವಾಯಿತು. ಹೆಸರು ಇದ್ದವನಿಗೂ ಇಲ್ಲದವನಿಗೂ ಇದ್ದ ಅಂತರವೆಂದರೆ ಒಂದು ಕುಟುಂಬದ ಅನ್ನ.

ಈ ಪುಸ್ತಕಗಳೇ ‘ಭೂಮಿ’ ಯೋಜನೆಯಲ್ಲಿ ಗಣಕಯಂತ್ರವನ್ನು ಸೇರಿದವು. ಈ ಶತಮಾನದ ಮೊದಲ ವರ್ಷಗಳಲ್ಲಿ ಸುಮಾರು ೬೭ ಲಕ್ಷ ಹಿಡುವಳಿದಾರರಿಗೆ ಸಂಬಂಧಿಸಿದ ೨ ಕೋಟಿ ದಾಖಲೆಗಳನ್ನು ಕೈಬರಹದಿಂದ ಯಂತ್ರಕ್ಕೆ ತುಂಬಿಸಲಾಯಿತು. ಕೈಬರಹದ ಪಹಣಿಗೆ ಮಾನ್ಯತೆ ನಿಂತುಹೋಯಿತು. ತಾಲ್ಲೂಕು ಕಚೇರಿಯಲ್ಲಿ ಹದಿನೈದು ರೂಪಾಯಿ ಕೊಟ್ಟು ರೈತನು ಪಹಣಿಯ ಪ್ರತಿ ಪಡೆಯುವಂತಾಯಿತು. ತಿದ್ದುಪಡಿ ಮಾಡುವ ನೌಕರ ಬೆರಳಚ್ಚು ಕೊಟ್ಟೇ ಯಂತ್ರವನ್ನು ತೆರೆಯಬೇಕೆಂಬ ನಿಯಮವೂ ಬಂತು. ಇದು ಒಳ್ಳೆಯ ಕೆಲಸವೆಂಬುದರಲ್ಲಿ ಸಂಶಯವಿಲ್ಲ. ಆದರೆ ಚರಿತ್ರೆಯ ವಿದ್ಯಾರ್ಥಿಯ ದೃಷ್ಟಿಯಲ್ಲಿ ಇದು ಒಂದು ಬೃಹತ್ತಾದ ಪ್ರತಿಲೇಖನ. ಮೂಲದ ತಪ್ಪುಗಳು ಪ್ರತಿಗೆ ಬಂದವು, ಪ್ರತಿ ಮಾಡುವಾಗ ಹೊಸ ತಪ್ಪುಗಳೂ ಸೇರಿದವು. ಓಲೆಗರಿಯ ಪ್ರತಿಗಳಲ್ಲಿ ಆಗುತ್ತಿದ್ದದ್ದೂ ಇದೇ. ಗ್ರಂಥಸಂಪಾದಕನಿಗೆ ಪರಿಚಿತವಾದ ಈ ಸಂಗತಿಗಾಗಿ ಯಾರನ್ನೂ ದೂಷಿಸಬೇಕಾಗಿಲ್ಲ. ಕೇಳಬೇಕಾದ ಪ್ರಶ್ನೆ, ಪಾಠವನ್ನು ತಾಳೆ ನೋಡಲು ಮೂಲ ಉಳಿದಿದೆಯೇ ಎಂಬುದು.

ಯಂತ್ರದ ದಾಖಲೆ ತಾನಾಗಿ ಉಳಿಯುವುದಿಲ್ಲವೆಂಬುದಕ್ಕೆ ಇಂಗ್ಲೆಂಡಿನಲ್ಲಿ, ಅದೂ ಭೂಮಿಯ ಲೆಕ್ಕಕ್ಕೇ ಸಂಬಂಧಿಸಿದಂತೆ, ಪ್ರಸಿದ್ಧವಾದ ಉದಾಹರಣೆಯಿದೆ. ೧೦೮೬ರಲ್ಲಿ ಒಂದನೆಯ ವಿಲಿಯಂ ದೊರೆ ಮಾಡಿಸಿದ ಡೂಮ್ಸ್‌ಡೇ ಪುಸ್ತಕದ ಒಂಬೈನೂರನೆಯ ವರ್ಷದ ಸ್ಮರಣೆಗಾಗಿ ಬಿ.ಬಿ.ಸಿ. ಸಂಸ್ಥೆ ೧೯೮೬ರಲ್ಲಿ ಇಡೀ ದೇಶದ ವಿವರಗಳನ್ನು ಸಂಗ್ರಹಿಸಿ ಲೇಸರ್ ತಟ್ಟೆಗಳಲ್ಲಿ ತುಂಬಿಸಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಆ ತಟ್ಟೆಗಳನ್ನು ಓದುವ ಯಂತ್ರಗಳೇ ವಿರಳವಾದವು. ೨೦೦೨ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾನಿಲಯಗಳ ಸಂಶೋಧಕರು ಹಳೆಯ ಯಂತ್ರದ ನಡವಳಿಕೆಯನ್ನು ಹೊಸ ಯಂತ್ರದಲ್ಲಿ ಅನುಕರಿಸಿ ಅದನ್ನು ಓದಿಸಬೇಕಾಯಿತು. ಚರ್ಮದ ಹಾಳೆಯ ಹಳೆಯ ಪುಸ್ತಕವನ್ನಾದರೋ ಇಂದಿಗೂ ಓದಬಹುದು. ಈ ಕಥೆಯನ್ನು ಯಂತ್ರದ ನಿಂದೆಗಾಗಿ ಹೇಳುವವರು ಒಂದು ಮಾತನ್ನು ಬಿಡುತ್ತಾರೆ: ಹಳೆಯ ಪುಸ್ತಕ ಉಳಿದದ್ದು ಚರ್ಮದ ಗಟ್ಟಿತನದಿಂದ ಮಾತ್ರವಲ್ಲ, ಶತಮಾನಗಳ ಕಾಲ ಅದನ್ನು ಕಾಯುವುದು ಯಾವುದಾದರೊಂದು ಕಚೇರಿಯ ಹೊಣೆಯಾಗಿದ್ದದ್ದರಿಂದ.

ನಮ್ಮಲ್ಲಿ ಇದೇ ತೊಡಕು ಲಿಪಿಯ ರೂಪದಲ್ಲಿ ಬಂದಿದೆ. ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ, ಎಂದರೆ ೧೯೯೧ರಲ್ಲಿ, ಕನ್ನಡಕ್ಕೆ ಸ್ಥಾನ ದೊರೆತಿದ್ದರೂ ಕಚೇರಿಗಳಲ್ಲಿ ಬಹುಕಾಲ ‘ನುಡಿ’ ಮೊದಲಾದ ತಂತ್ರಾಂಶಗಳ ಹಳೆಯ ಸಂಕೇತಪದ್ಧತಿಗಳೇ ನಡೆದವು. ಅವುಗಳಲ್ಲಿ ಕನ್ನಡ ಅಕ್ಷರದ ಚೂರುಗಳಿಗೆ ರೋಮನ್ ಲಿಪಿಯ ಸಂಕೇತಸಂಖ್ಯೆಗಳನ್ನೇ ಕೊಟ್ಟಿದ್ದರು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅಂಥ ಆಜ್ಞಾಪತ್ರವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಇದನ್ನು ಬಿಡಿಸುವುದು ಕಷ್ಟವಲ್ಲ, ಪರಿವರ್ತಕಗಳಿವೆ. ಆದರೆ ಯಾವ ಪದ್ಧತಿಯಲ್ಲಿ ಬರೆದದ್ದೆಂದು ತಿಳಿದಿರಬೇಕು. ಹಳಗನ್ನಡ ಲಿಪಿಯನ್ನೂ ಮೋಡಿಯನ್ನೂ ಕಲಿಸುವ ಚರಿತ್ರೆಯ ವಿಭಾಗಗಳು ಇನ್ನು ಮುಂದೆ ಈ ‘ಲಿಪಿಶಾಸ್ತ್ರ’ವನ್ನೂ ಕಲಿಸಬೇಕಾದೀತು.

ಇವೆರಡೂ ದಾಖಲೆ ಓದಲು ಬಾರದಂತಾಗುವ ಅಪಾಯಗಳು. ಓದಲು ಬಂದೂ ನಂಬಲು ಬಾರದಂತಾಗುವುದು ಇದಕ್ಕಿಂತ ಕಠಿಣವಾದದ್ದು. ಕಡತವನ್ನು ಒರಸಿದರೆ ಮಸುಕು ಉಳಿದೀತು. ಪಹಣಿಯಲ್ಲಿ ಹೆಸರು ತಿದ್ದಿದರೆ ಶಾಯಿ ಬೇರೆಯಾಗಿ ಕಂಡೀತು. ಯಂತ್ರದಲ್ಲಿ ಅಕ್ಷರ ಅಕ್ಷರವೇ. ನಿನ್ನೆಯದಕ್ಕೂ ಇಂದಿನದಕ್ಕೂ ಕೈ ಒಂದೇ. ಫ್ಲೀಟರು ತಾಮ್ರದ ತಗಡಿನಲ್ಲಿ ಹುಡುಕಿದ ಸಾಕ್ಷ್ಯ ಇಲ್ಲಿ ತಾನಾಗಿ ಹುಟ್ಟುವುದಿಲ್ಲ. ಅದನ್ನು ಬೇಕೆಂದೇ ಹುಟ್ಟಿಸಿ ಇಡಬೇಕು. ಯಾರು, ಯಾವಾಗ, ಯಾವ ಆಜ್ಞೆಯ ಮೇಲೆ, ಹಿಂದೆ ಏನಿದ್ದದ್ದನ್ನು ಬದಲಾಯಿಸಿದರೆಂಬ ದಿನಚರಿಯೂ ದಾಖಲೆಯ ಅಂಗವೇ. ನಮೂದನ್ನು ಉಳಿಸಿ ದಿನಚರಿಯನ್ನು ಕಳೆದರೆ ದಾಖಲೆ ಉಳಿಯಿತೆನ್ನುವಂತಿಲ್ಲ. ‘ಹ್ಯಾಷ್’ ಎಂಬ ಗಣಿತದ ಮುದ್ರೆ ಇದಕ್ಕೆ ಒಳ್ಳೆಯ ಸಹಾಯ. ದಾಖಲೆಯ ಒಂದೇ ಅಕ್ಷರ ಬದಲಾದರೂ ಮುದ್ರೆ ಬೇರೆಯಾಗುತ್ತದೆ. ಆದರೆ ಮುದ್ರೆಯನ್ನೂ ದಾಖಲೆಯನ್ನೂ ಒಂದೇ ಕಚೇರಿ ಇಟ್ಟುಕೊಂಡರೆ ಪ್ರಯೋಜನ ಅಲ್ಪ. ಪಟೇಲನೂ ಶಾನುಭೋಗನೂ ಒಬ್ಬನೇ ಆದಂತೆ.

ಕಾನೂನು ಈ ವಿಷಯದಲ್ಲಿ ಮೌನವಾಗಿಲ್ಲ. ೧೯೯೩ರ ಕೇಂದ್ರದ ಸಾರ್ವಜನಿಕ ದಾಖಲೆಗಳ ಕಾಯಿದೆ ಗಣಕಯಂತ್ರದಿಂದ ಹುಟ್ಟಿದ ಸಾಮಗ್ರಿಯನ್ನೂ ದಾಖಲೆಯೆಂದೇ ಎಣಿಸುತ್ತದೆ. ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೭ನೆಯ ಕಲಮು, ವಿದ್ಯುನ್ಮಾನ ದಾಖಲೆಯನ್ನು ಉಳಿಸಿದರೆಂದು ಹೇಳಬೇಕಾದರೆ ಅದು ಮುಂದೆ ಬಳಸಲು ಬರುವಂತಿರಬೇಕು, ಮೂಲವನ್ನು ಯಥಾವತ್ತಾಗಿ ತೋರಿಸುವಂತಿರಬೇಕು, ಎಲ್ಲಿಂದ ಎಂದು ಬಂದಿತೆಂಬ ವಿವರ ಉಳಿದಿರಬೇಕು ಎಂದು ವಿಧಿಸುತ್ತದೆ. ಮಾತು ಸರಿಯಾಗಿಯೇ ಇದೆ. ಐವತ್ತು ವರ್ಷಗಳ ಕಾಲ ನಿಯಮಿತವಾಗಿ ಪ್ರತಿ ಮಾಡಿಸುವ ಖರ್ಚನ್ನು ಯಾವ ಆಯವ್ಯಯದಲ್ಲಿ ತೋರಿಸಬೇಕೆಂಬುದು ಮಾತ್ರ ಕಾಯಿದೆಯಲ್ಲಿ ಬರುವ ವಿಷಯವಲ್ಲ.

ಈಗ ‘ಭೂ ಸುರಕ್ಷಾ’ ಎಂಬ ಯೋಜನೆಯ ಮೂಲಕ ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಗಳಲ್ಲಿರುವ ಹಳೆಯ ಕಾಗದಗಳ ಬಿಂಬಗಳನ್ನು ತೆಗೆದು ಯಂತ್ರಕ್ಕೆ ಸೇರಿಸಲಾಗುತ್ತಿದೆ. ‘ಭೂಮಿ’ಯಲ್ಲಿ ಬಂದದ್ದು ಪಹಣಿಯ ಪಾಠ ಮಾತ್ರ, ಇಲ್ಲಿ ಬರುವುದು ಹಾಳೆಯ ರೂಪ, ತಿದ್ದಿದ ಗುರುತು, ಅಂಚಿನ ಸಹಿ. ಸಂಶೋಧಕನಿಗೂ ನ್ಯಾಯಾಲಯಕ್ಕೂ ಇದು ದೊಡ್ಡ ಲಾಭ. ಬಿಂಬ ತೆಗೆದಾದ ಮೇಲೆ ಮೂಲ ಪುಸ್ತಕಗಳನ್ನು ಏನು ಮಾಡಬೇಕೆಂಬ ಪ್ರಶ್ನೆ ಅಲ್ಲಿಯೇ ಏಳುತ್ತದೆ. ಸ್ಥಳವಿಲ್ಲ, ಗೆದ್ದಲಿದೆ, ಪ್ರತಿ ಹೇಗೂ ಇದೆ ಎಂಬ ಮಾತುಗಳು ಸಹಜ. ಆದರೆ ಕೈಬರಹದ ಕೊನೆಯ ಪಹಣಿ ಪುಸ್ತಕಗಳು, ಹಕ್ಕುಬದಲಾವಣೆಯ ವಹಿಗಳು ಇವೆರಡನ್ನಾದರೂ ಜಿಲ್ಲೆಗೊಂದರಂತೆ ಕಂದಾಯ ಇಲಾಖೆಯ ಅಧೀನದಲ್ಲಿಲ್ಲದ ಭಂಡಾರಗಳಲ್ಲಿ ಇಡಿಸುವುದು ಅಗತ್ಯ. ಯಂತ್ರದ ನಮೂದನ್ನು ಪ್ರಶ್ನಿಸುವ ರೈತನಿಗೆ ತೋರಿಸಲು ಬೇರೊಂದು ಸಾಕ್ಷಿ ಇರುವುದು ಅಲ್ಲಿ ಮಾತ್ರ.