ಮೂಲನಿಷ್ಠೆ ಮತ್ತು ಕೃತಿಸ್ವಾಮ್ಯ: ನ್ಯೂಯಾರ್ಕ್ ತೀರ್ಪುಗಳ ಬೆಳಕಿನಲ್ಲಿ ವಚನಗಳ ಡಿಜಿಟಲ್ ಪಠ್ಯ

1998ರ ನವೆಂಬರ್ 3ರಂದು ಮ್ಯಾನ್‌ಹಟನ್‌ನ ಎರಡನೇ ಸರ್ಕೀಟ್ ಮೇಲ್ಮನವಿ ನ್ಯಾಯಾಲಯ ಮ್ಯಾಥ್ಯೂ ಬೆಂಡರ್ ಮತ್ತು ವೆಸ್ಟ್ ಪಬ್ಲಿಷಿಂಗ್ ಎಂಬ ಕಾನೂನು ಪ್ರಕಾಶನ ಸಂಸ್ಥೆಗಳ ನಡುವಿನ ವ್ಯಾಜ್ಯದ ತೀರ್ಪು ಕೊಟ್ಟಿತು. ಅಮೆರಿಕದಲ್ಲಿ ಫೆಡರಲ್ ನ್ಯಾಯಾಧೀಶರ ತೀರ್ಪುಗಳಿಗೆ ಕೃತಿಸ್ವಾಮ್ಯವಿಲ್ಲ. ಅವುಗಳಿಗೆ ವಕೀಲರ ವಿವರ, ಬೇರೆ ವರದಿಗಳ ಉಲ್ಲೇಖಸಂಖ್ಯೆ ಮುಂತಾದವನ್ನು ಸೇರಿಸಿ ವೆಸ್ಟ್ ಸಂಪುಟಗಳನ್ನು ಅಚ್ಚುಹಾಕುತ್ತಿತ್ತು. ವೆಸ್ಟ್ ಸಂಪಾದಕರು ಬರೆದ ಸಾರಾಂಶ, ತಲೆಟಿಪ್ಪಣಿಗಳನ್ನು ಬಿಟ್ಟು, ಉಳಿದ ಪಠ್ಯವನ್ನು ಸ್ಕ್ಯಾನ್ ಮಾಡಿ ಸಿಡಿ-ರಾಮ್‌ನಲ್ಲಿ ಮಾರಲು ಹೈಪರ್‌ಲಾ ಎಂಬ ಸಣ್ಣ ಸಂಸ್ಥೆ ಹೊರಟು, ಬೆಂಡರ್ ಜೊತೆ ಈ ವ್ಯಾಜ್ಯದಲ್ಲಿ ಸೇರಿಕೊಂಡಿತ್ತು. ಮಾರಬಹುದು ಎಂದಿತು ನ್ಯಾಯಾಲಯ. ವೆಸ್ಟ್ ಸಂಪುಟದ ಪುಟ ಎಲ್ಲಿ ಮುಗಿಯುತ್ತದೆಂದು ನಕ್ಷತ್ರಚಿಹ್ನೆ ಹಾಕಿ ತೋರಿಸುವುದಕ್ಕೂ ಅದು ಅಡ್ಡಿ ಕಾಣಲಿಲ್ಲ.

ಗ್ರಂಥಸಂಪಾದಕರು ಗಮನಿಸಬೇಕಾದದ್ದು ಅದರ ತರ್ಕವನ್ನು. ಮೂಲಕ್ಕೆ ನಿಷ್ಠವಾಗಿರುವುದೇ ಸಂಪಾದಕನ ಗುರಿಯಾದರೆ ಸ್ವಂತಿಕೆಗೆ ಅಲ್ಲಿ ಎಡೆಯಿಲ್ಲ. ಕೃತಿಸ್ವಾಮ್ಯ ಕಾಯುವುದೋ ಸ್ವಂತಿಕೆಯನ್ನು ಮಾತ್ರ. ಬರಿಯ ದುಡಿಮೆಗೆ ಈ ಹಕ್ಕು ಸಿಗದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1991ರ ಫೈಸ್ಟ್ ತೀರ್ಪಿನಲ್ಲಿ, ಅದೂ ಟೆಲಿಫೋನ್ ಡೈರೆಕ್ಟರಿಯೊಂದರ ಜಗಳದಲ್ಲಿ, ಹೇಳಿಯಾಗಿತ್ತು. 1998ರ ಅದೇ ನವೆಂಬರಿನಲ್ಲಿ ನ್ಯೂಯಾರ್ಕ್‌ನ ಜಿಲ್ಲಾ ನ್ಯಾಯಾಧೀಶ ಲೂಯಿಸ್ ಕ್ಯಾಪ್ಲನ್, ಬ್ರಿಜ್‌ಮನ್ ಮೊಕದ್ದಮೆಯಲ್ಲಿ, ಹಳೆಯ ವರ್ಣಚಿತ್ರಗಳ ಯಥಾವತ್ ಛಾಯಾಚಿತ್ರಗಳಿಗೂ ಹಕ್ಕಿಲ್ಲವೆಂದರು. ಮರುಪರಿಶೀಲನೆಯ ಬಳಿಕ 1999ರ ಫೆಬ್ರವರಿಯಲ್ಲೂ ಅದೇ ಮಾತು. (ಹಡ್ಸನ್ ನದಿ ದಾಟಿದರೆ ನ್ಯೂಜೆರ್ಸಿ ಬೇರೊಂದು ಮೇಲ್ಮನವಿ ವಲಯಕ್ಕೆ, ಮೂರನೇ ಸರ್ಕೀಟ್‌ಗೆ ಸೇರಿದ್ದು. ಈ ತೀರ್ಪುಗಳು ಅಲ್ಲಿನ ನ್ಯಾಯಾಲಯಗಳನ್ನು ಕಟ್ಟಿಹಾಕವು. ಫೈಸ್ಟ್ ಎರಡೂ ದಡಕ್ಕೆ ಅನ್ವಯಿಸುತ್ತದೆ.)

ಇದನ್ನು ವಚನಗಳಿಗೆ ಹಚ್ಚಿ ನೋಡಬಹುದು. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬಂದದ್ದು 1923ರಲ್ಲಿ. ಅಮೆರಿಕದಲ್ಲಿ ಇಂಥ ಹಳೆಯ ಪುಸ್ತಕಕ್ಕೆ ಪ್ರಕಟಣೆಯಿಂದ 95 ವರ್ಷದ ಲೆಕ್ಕ. 2019ರ ಜನವರಿಗೆ ಅದು ಮುಕ್ತವಾಯಿತು. ಹಳಕಟ್ಟಿಯವರು ತೀರಿಕೊಂಡದ್ದು 1964ರಲ್ಲಿ. ಲೇಖಕರ ಮರಣಾನಂತರ 60 ವರ್ಷವೆಂಬ ಭಾರತದ ಲೆಕ್ಕದಲ್ಲಿ 2025ರ ಜನವರಿಯವರೆಗೆ ಕಾಯಬೇಕಾಯಿತು. ಆರು ವರ್ಷ ಆ ಪುಸ್ತಕ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಎಲ್ಲರದಾಗಿತ್ತು, ವಿಜಯಪುರದಲ್ಲಿ ಆಗಿರಲಿಲ್ಲ! ಅಷ್ಟು ಕಾಲ ಕಾನೂನು ಕಾದದ್ದು ಹಳಕಟ್ಟಿಯವರ ಬರಹವನ್ನು, ವಿಂಗಡಣೆಯನ್ನು. ಬಸವಣ್ಣನವರ ಮಾತಿಗೆ ಅದು ಎಂದೂ ತಾಗುವಂಥದ್ದಲ್ಲ.

ತೊಡಕಿರುವುದು ಪಾಠನಿರ್ಣಯದಲ್ಲಿ. ಹಲವು ಓಲೆಪ್ರತಿಗಳನ್ನು ಹೋಲಿಸಿ ಒಂದು ಪಾಠವನ್ನು ಎತ್ತಿಕೊಂಡ ಸಂಪಾದಕ, ಇದು ಬಸವಣ್ಣನವರದೇ ಎಂದು ವಾದಿಸುತ್ತಾನೆ. ನನ್ನದೆಂದರೆ ಸಂಪಾದನೆಯೇ ಕೆಟ್ಟಿತು. ವಿದ್ವತ್ತು ಬಲಿತಷ್ಟೂ ಹಕ್ಕು ಸೊರಗುವ ಈ ಸ್ಥಿತಿ ಕಠಿಣವಾದರೂ ಸರಿಯೆಂದೇ ನನ್ನ ಎಣಿಕೆ. ಇದಕ್ಕೆ ವಿರುದ್ಧವಾಗಿ, ಮೃತ ಸಮುದ್ರದ ಸುರುಳಿಯೊಂದರ ಬಿಟ್ಟಸ್ಥಳಗಳನ್ನು ತುಂಬಿದ ವಿದ್ವಾಂಸ ಕಿಮ್ರೋನ್ ಅವರಿಗೆ ಇಸ್ರೇಲಿನ ಸುಪ್ರೀಂ ಕೋರ್ಟ್ 2000ದಲ್ಲಿ ಹಕ್ಕು ಕೊಟ್ಟಿತು. ಪರಿಶ್ರಮಕ್ಕೆ ಮನ್ನಣೆ ಸಿಕ್ಕಿತು ನಿಜ, ಪ್ರಾಚೀನ ಪಠ್ಯಕ್ಕೆ ಬೇಲಿಯೂ ಬಿತ್ತು.

ಭಾರತ ಅಮೆರಿಕ, ಇಸ್ರೇಲುಗಳ ಈ ಎರಡು ನಿಲುವುಗಳ ನಡುವೆ ನಿಂತಿದೆ. ಈಸ್ಟರ್ನ್ ಬುಕ್ ಕಂಪನಿ–ಮೋಡಕ್ ಮೊಕದ್ದಮೆಯಲ್ಲಿ 2007ರಲ್ಲಿ ನಮ್ಮ ಸುಪ್ರೀಂ ಕೋರ್ಟ್, ತೀರ್ಪುಗಳ ಅಚ್ಚಿನ ತಪ್ಪು ತಿದ್ದಿದ್ದಕ್ಕೆ ಹಕ್ಕಿಲ್ಲ, ವಿಷಯವನ್ನರಿತು ಪ್ಯಾರಾ ವಿಂಗಡಿಸಿದ್ದಕ್ಕೆ ಇದೆ ಎಂದಿತು. ಓಲೆಗರಿಯಲ್ಲಿ ವಚನ ಒಂದೇ ಸಮನೆ ಸಾಗುತ್ತದೆ. ಈಗಿನ ಪುಸ್ತಕಗಳ ಸಾಲುವಿಂಗಡಣೆ ಸಂಪಾದಕರದು, ಅದೂ ಅರ್ಥವನ್ನರಿತು ಮಾಡಿದ್ದು. ಮೋಡಕ್ ತರ್ಕವನ್ನು ಹಿಡಿದು ನಡೆದರೆ ಪದಗಳು ಊರಿಗೆಲ್ಲ ಸೇರಿ, ಸಾಲು ಮುರಿದ ಜಾಗ ಒಬ್ಬರ ಪಾಲಾಗುತ್ತದೆ. ಎಡಿಸನ್‌ನಲ್ಲಿ ಕೂತು ಸಿದ್ಧಪಡಿಸಿದ ಡಿಜಿಟಲ್ ಪಠ್ಯವನ್ನೂ ಓದುವುದು ಬಹುಮಟ್ಟಿಗೆ ಕರ್ನಾಟಕದಲ್ಲೇ. ಆದ್ದರಿಂದ ಸಾಲುವಿಂಗಡಣೆಯನ್ನು ಇತ್ತೀಚಿನ ಸಂಪುಟಗಳಿಂದ ಎತ್ತಿಕೊಳ್ಳದೆ ಓಲೆಪ್ರತಿಯಿಂದಲೋ, ಅವಧಿ ಮುಗಿದ ಹಳಕಟ್ಟಿಯವರ ಮುದ್ರಣದಿಂದಲೋ ಹೊಸದಾಗಿ ಮಾಡಿಕೊಳ್ಳುವುದು ಕ್ಷೇಮ.